ಒಂದೇ ಮಿಡಿ ಕಚ್ಚಿದವರು

ನರಸಿಂಹರಾಜಪುರದಲ್ಲಿ ಊಟ ಇದ್ದದ್ದು ಎರಡು ಗಂಟೆಗೆ. ನಾವು ಕೊಪ್ಪ ಬಿಟ್ಟಾಗ ಒಂಬತ್ತೂವರೆಯೂ ಆಗಿರಲಿಲ್ಲ. ನನ್ನ ಗಂಡ ಆಸಿಫ್ ಅವರ ತಂಗಿಯ ಮಗಳು ಮೆಹ್ನಾಜ್‌ಗೆ ಅವತ್ತು ಗಂಡು ನಿಶ್ಚಯ. ಇಷ್ಟು ಬೇಗ ಹೋದರೆ ನನ್ನನ್ನು ಬೆಳ್ಳುಳ್ಳಿ ಬಿಡಿಸಲು ಕೂರಿಸುತ್ತಾರೆಂದು ಚೆನ್ನಾಗಿ ಗೊತ್ತಿತ್ತು. ವರ್ಷವಿಡೀ ನಮ್ಮ ಉಪ್ಪಿನಕಾಯಿ ಅಂಗಡಿಯಲ್ಲಿ ಬಿಡಿಸುವುದು ಸಾಲದೇ? ಹೊಸ ಸೀರೆ ಉಟ್ಟ ದಿನವಾದರೂ ಉಗುರಿಗೆ ರಜೆ ಇರಲಿ ಎಂದುಕೊಂಡಿದ್ದೆ.

ಹಾಗಾಗಿ ರಸ್ತೆ ಬದಿಯಲ್ಲಿ ‘ವೃಕ್ಷವನ, ಸಾರ್ವಜನಿಕರಿಗೆ ಪ್ರವೇಶವಿದೆ’ ಎಂಬ ಹಸಿರು ಬೋರ್ಡು ಕಂಡಾಗ ಕಾರು ನಿಲ್ಲಿಸಿ ಎಂದದ್ದು ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಆಮೇಲೆ ‘ನಿಲ್ಸು ಅಂದಿದ್ದು ನೀನೇ’ ಎಂದು ಅವರು ನನ್ನ ಮೇಲೇ ಹಾಕಲು ನೋಡಿದರು.

“ಅಲ್ಲೆಂತ ಇದೆ ಮಾರಾಯ್ತಿ, ಬರೀ ಮರ. ಕೊಪ್ಪದಲ್ಲಿ ಮರ ಇಲ್ವಾ?” ಎಂದರು ಆಸಿಫ್, ಕಾರಿನ ವೇಗ ಕಡಿಮೆ ಮಾಡದೆ.

“ಹೆಸರು ಬರ್ದಿರೋ ಮರ ಇಲ್ಲ. ನಿಲ್ಸಿ.”

“ಉಂಬಳ ಇರ್ತವೆ, ಕಾಲಿಗೆ ಹತ್ತಿ ರಕ್ತ ಹೀರ್ತವೆ.”

“ಫೆಬ್ರವರಿಯಲ್ಲಿ ಎಂತ ಉಂಬಳ? ನಿಲ್ಸಿ ಅಂದೆ.”

ನಿಲ್ಲಿಸಿದರು. ನಮ್ಮವರು ಯಾವುದಕ್ಕೂ ಗಡಿಬಿಡಿ ಮಾಡುವ ಮನುಷ್ಯ ಅಲ್ಲ. ನಾನು ಒಗ್ಗರಣೆಯ ಸಾಸಿವೆ, ಅವರು ಹೆಪ್ಪಿಗೆ ಇಟ್ಟ ಹಾಲು ಎಂದು ನನ್ನ ತಾಯಿ ನಗುತ್ತಿದ್ದರು. ಅಂಥವರು ಅವತ್ತು ಕಾರಿನ ಬಾಗಿಲನ್ನು ಎರಡೆರಡು ಸಲ ತೆಗೆದು ಹಾಕಿದರು. ಆಗಲೇ ನನಗೆ ಅನುಮಾನ ಬರಬೇಕಿತ್ತು, ಬರಲಿಲ್ಲ.

ಟಿಕೆಟ್ ಕೌಂಟರಿನಲ್ಲಿ ರಂಗಪ್ಪ ಎಂಬ ವಾಚರ್ ಕೂತಿದ್ದರು. ಹೆಸರಿನ ಪಟ್ಟಿ ಅಂಗಿಯ ಮೇಲಿತ್ತು. ಅವರ ಹಿಂದಿನ ಗೋಡೆಯಲ್ಲಿ ಒಂದು ದುಂಡನೆಯ ಗಡಿಯಾರ, ಹಸಿರು ಅಂಚು, ಮುಳ್ಳುಗಳ ಕೆಳಗೆ ಒಂದು ಎಲೆಯ ಚಿತ್ರ.

“ನೋಡ್ರೀ, ನಮ್ಮಂಗಡಿ ಗಡಿಯಾರ,” ಎಂದೆ. ಥೇಟ್ ಅದೇ ಗಡಿಯಾರ ನಮ್ಮ ಅಂಗಡಿಯ ಗಲ್ಲಾದ ಮೇಲೆ ಒಂಬತ್ತು ವರ್ಷದಿಂದ ನೇತಾಡುತ್ತಿದೆ. ಬಾಳೆಹೊನ್ನೂರಿನ ಮೆಣಸಿನಪುಡಿ ಹೋಲ್‌ಸೇಲಿನವರು ಕೊಟ್ಟರು ಎಂದು ಆಸಿಫ್ ತಂದು ಮೊಳೆ ಹೊಡೆದಿದ್ದರು.

“ಇಂಥವು ಊರ್ ತುಂಬ ಇದಾವೆ,” ಎಂದರು ಅವರು.

ರಂಗಪ್ಪ ಏನೋ ಹೇಳಲು ಬಾಯಿ ತೆಗೆದರು. ಅಷ್ಟರಲ್ಲಿ ಆಸಿಫ್ “ಬಾ ಬಾ, ಬಿಸಿಲೇರ್ತದೆ,” ಎಂದು ನನ್ನ ಕೈ ಹಿಡಿದು ಒಳಗೆ ನಡೆದರು. ಮದುವೆಯಾಗಿ ಇಪ್ಪತ್ತಮೂರು ವರ್ಷದಲ್ಲಿ ಜನರ ಎದುರು ಅವರು ನನ್ನ ಕೈ ಹಿಡಿದದ್ದು ಅದು ಎರಡನೆಯ ಸಲ ಇರಬೇಕು. ಮೊದಲನೆಯದು ನನ್ನ ಕಾಲು ಉಳುಕಿ ಎಕ್ಸ್‌ರೇ ತೆಗೆಸಲು ಹೋದಾಗ. ನನಗೆ ಖುಷಿಯೇ ಆಯಿತು, ಹೇಳಲು ನಾಚಿಕೆ ಏನು.

ಒಳಗೆ ಸೊಗಸಾಗಿತ್ತು. ಕಲ್ಲು ಹಾಸಿದ ದಾರಿ, ಎರಡು ಕಡೆಯೂ ಮರ, ಪ್ರತಿ ಮರದ ಬುಡದಲ್ಲಿ ಕಬ್ಬಿಣದ ಫಲಕ. ನಂದಿ, ಹೊನ್ನೆ, ಬೀಟೆ, ಹೆಬ್ಬಲಸು. ಅವುಗಳ ಹೆಸರಿನ ಕೆಳಗೆ ಬಾಯಲ್ಲಿ ತಿರುಗದ ಇನ್ನೊಂದು ಹೆಸರು. ನಾನು ಒಂದೊಂದನ್ನೂ ಗಟ್ಟಿಯಾಗಿ ಓದುತ್ತಾ ಹೋದೆ. ರಾಮಪತ್ರೆ ಮರದ ಕೆಳಗೆ ಕಲ್ಲುಬೆಂಚಿನಲ್ಲಿ ಕೂತು ತಂದಿದ್ದ ಖಾರದ ಅವಲಕ್ಕಿ ತಿಂದೆವು. ರಂಜದ ಹೂ ಒಂದಿಷ್ಟು ಆರಿಸಿ ಸೆರಗಿನ ತುದಿಗೆ ಕಟ್ಟಿಕೊಂಡೆ. ನಾವಿಬ್ಬರೇ ಹೀಗೆ ಸುಮ್ಮನೆ ತಿರುಗಿ ಎಷ್ಟು ಕಾಲವಾಗಿತ್ತೋ. ಆಸಿಫ್ ಮಾತ್ರ ಹತ್ತು ಹೆಜ್ಜೆಗೊಮ್ಮೆ ಫೋನಿನಲ್ಲಿ ಗಂಟೆ ನೋಡುತ್ತಿದ್ದರು.

“ಸಾಕಲ್ಲ, ಹೊರಡೋಣ,” ಎಂದರು. “ಆ ಕಡೆ ಎಂತದೂ ಇಲ್ಲ.”

ಆ ಕಡೆ ಬಾಣದ ಗುರುತಿನ ಪಕ್ಕ ಬರೆದಿತ್ತು: ‘ಮಿಡಿಮಾವಿನ ವಿಭಾಗ’. ಉಪ್ಪಿನಕಾಯಿ ಮಾಡಿ ಬದುಕುವವಳಿಗೆ ಅದನ್ನು ತೋರಿಸಿ ಎಂತದೂ ಇಲ್ಲ ಎಂದರೆ ಕೇಳುತ್ತಾಳೆಯೇ?

ಇಲ್ಲಿ ಸ್ವಲ್ಪ ಹಿಂದಿನದನ್ನು ಹೇಳಬೇಕು. ಯಾವುದೋ ಮಾವಿನ ಎಳೆಗಾಯಿಯನ್ನು ಉಪ್ಪಿಗೆ ಹಾಕಿದರೆ ಅದು ಮಿಡಿ ಉಪ್ಪಿನಕಾಯಿ ಆಗುವುದಿಲ್ಲ. ಅದಕ್ಕೆ ಬೇರೆಯೇ ಕಾಡುಮರ ಇರುತ್ತದೆ, ಹೆಚ್ಚಾಗಿ ಹಳ್ಳದ ದಂಡೆಯಲ್ಲಿ. ಒಂದು ಮರದ ಹಾಗೆ ಇನ್ನೊಂದಿಲ್ಲ. ಅದರ ಗುಟ್ಟೆಲ್ಲ ತೊಟ್ಟು ಮುರಿದಾಗ ಚಿಮ್ಮುವ ಸೊನೆಯಲ್ಲಿದೆ. ನಮ್ಮ ಮರ ಭಂಡಿಗಡಿಯ ಹತ್ತಿರ ಒಂದು ಹಳ್ಳದ ಪಕ್ಕ ಇತ್ತು. ಅದರ ಸೊನೆಗೆ ಹುರಿಯದ ಜೀರಿಗೆಯ ವಾಸನೆ, ಅದರ ಹಿಂದೆಯೇ ಕರ್ಪೂರದ ಒಂದು ಎಳೆ. ಆ ಎಳೆ ಬೇರೆ ಯಾವ ಜೀರಿಗೆ ಮಿಡಿಗೂ ಇರಲಿಲ್ಲ. ಅದರ ಮೇಲೆಯೇ ನನ್ನ ಅಬ್ಬ ಅಬ್ದುಲ್ ರಹಮಾನ್ ಅಂಗಡಿ ಕಟ್ಟಿದ್ದು.

ಮರ ತೋರಿಸಿದ್ದು ಗಿಡ್ಡಯ್ಯ. ಭಂಡಿಗಡಿಯವರು, ಕೂಲಿ ಕೆಲಸ ಮಾಡಿಕೊಂಡಿದ್ದವರು, ಸೀಸನ್ನಿನಲ್ಲಿ ಮರ ಹತ್ತುವವರು. ಒಂದು ಮಿಡಿಯೂ ನೆಲಕ್ಕೆ ಬೀಳದ ಹಾಗೆ, ತೊಟ್ಟು ಕಳಚದ ಹಾಗೆ ಚೀಲಕ್ಕೆ ತುಂಬಿ ಹಗ್ಗದಲ್ಲಿ ಇಳಿಸುತ್ತಿದ್ದರು. ಪ್ರತಿ ವರ್ಷ ಮೊದಲ ಮಿಡಿ ಇಳಿದಾಗ ಅಬ್ಬ ಮತ್ತು ಗಿಡ್ಡಯ್ಯ ಮರದ ಬುಡದಲ್ಲಿ ನಿಂತು ಒಂದೇ ಮಿಡಿಯನ್ನು ಉಪ್ಪಿನಲ್ಲಿ ಅದ್ದಿ ಕಚ್ಚುತ್ತಿದ್ದರು, ಅರ್ಧ ಇವರು, ಅರ್ಧ ಅವರು. ಈ ಮರವನ್ನು ಮೂರನೆಯವರಿಗೆ ತೋರಿಸುವುದಿಲ್ಲ, ಕಸಿ ಕಟ್ಟಲು ಒಂದು ಕಡ್ಡಿಯನ್ನೂ ಯಾರಿಗೂ ಕೊಡುವುದಿಲ್ಲ ಎಂದು ಅದರ ಅರ್ಥ. ಇದು ಊರಿನ ಪದ್ಧತಿ ಅಲ್ಲ, ಅವರಿಬ್ಬರದೇ ಪದ್ಧತಿ. ಎಂಜಲು ಗಿಂಜಲು ಎಂದು ಇಬ್ಬರೂ ನೋಡಲಿಲ್ಲ. ಅಬ್ಬ ತೀರಿಕೊಂಡ ಮೇಲೆ ಅವರ ಪಾಲಿನ ಅರ್ಧವನ್ನು ನಾನು ಕಚ್ಚಿದೆ. ಆಸಿಫ್ ಪಕ್ಕದಲ್ಲಿ ಚೀಲ ಹಿಡಿದು ನಿಂತಿದ್ದರು.

ಅದಾಗಿ ಮೂರನೆಯ ವರ್ಷ ಬಾಳೆಹೊನ್ನೂರಿನ ಸೋಮಶೇಖರಪ್ಪ ನಮ್ಮ ಅಂಗಡಿಗೆ ಬಂದರು. ಅವರದೂ ಮಿಡಿ ವ್ಯಾಪಾರ. ಕೈಯಲ್ಲಿ ಪ್ಲಾಸ್ಟಿಕ್ ಚೀಲದ ಒಂದು ಕಸಿ ಸಸಿ. ಎಲೆ ಹರಿದು ಉಜ್ಜಿ ನನ್ನ ಮೂಗಿಗೆ ಹಿಡಿದು, “ನಿಮ್ ಮರ ಸಂತೆಗೆ ಬಂದಿದೆ ಸಬೀಹಮ್ಮ,” ಎಂದರು. ಜೀರಿಗೆ, ಅದರ ಹಿಂದೆ ಕರ್ಪೂರ.

ಮರ ಗೊತ್ತಿದ್ದದ್ದು ಮೂವರಿಗೆ. ನಾನು ಕೊಟ್ಟಿಲ್ಲ. ಆಸಿಫ್ ನನ್ನ ಗಂಡ. ಉಳಿದವರು ಒಬ್ಬರೇ. ಈ ಲೆಕ್ಕ ಹಾಕಲು ನನಗೆ ಒಂದು ನಿಮಿಷವೂ ಬೇಕಾಗಲಿಲ್ಲ. ಸಸಿ ಎಲ್ಲಿ ಸಿಕ್ಕಿತೆಂದು ಸೋಮಶೇಖರಪ್ಪನವರನ್ನು ಕೇಳಲೂ ಇಲ್ಲ.

ಮರುದಿನ ಗಿಡ್ಡಯ್ಯ ಅಂಗಡಿಗೆ ಬಂದಾಗ ನಾನು ಮೆಟ್ಟಿಲ ಮೇಲೆ ನಿಂತು, ಪೇಟೆಯ ಜನರೆಲ್ಲ ಕೇಳುವ ಹಾಗೆ ಮಾತಾಡಿದೆ. ಅದುವರೆಗೆ ‘ಗಿಡ್ಡಣ್ಣ, ನೀವು’ ಎನ್ನುತ್ತಿದ್ದ ಬಾಯಿ ‘ನೀನು’ ಎಂದಿತು. ಅವರು ಒಂದೇ ಮಾತು ಹೇಳಿದರು: “ನಾ ಕೊಟ್ಟಿಲ್ಲ ಸಬೀಹಮ್ಮ.” ನಾನು, “ಸಾಕ್ಷಿ ತಗೊಂಬಾ, ಆಮೇಲೆ ಈ ಮೆಟ್ಲು ಹತ್ತು,” ಎಂದೆ. ಅವರು ಹೆಗಲ ಮೇಲಿನ ಹಗ್ಗ ಸರಿಮಾಡಿಕೊಂಡು ಹೊರಟುಹೋದರು. ಮತ್ತೆ ಬರಲಿಲ್ಲ. ಕಡ್ಡಿ ಮಾರಿದವನು ಎಂಬ ಮಾತು ನಮ್ಮ ಅಂಗಡಿಯ ಮೆಟ್ಟಿಲಿನಿಂದ ಇಳಿದು ಎಲ್ಲ ಮಿಡಿ ವ್ಯಾಪಾರಿಗಳ ಹತ್ತಿರ ಹೋಯಿತು. ಯಾರೂ ಅವರನ್ನು ಮರ ಹತ್ತಲು ಕರೆಯಲಿಲ್ಲ. ಅರವತ್ತು ದಾಟಿದ ಮನುಷ್ಯ ಬಸರೀಕಟ್ಟೆಯ ಎಸ್ಟೇಟಿಗೆ ಜೀಪಿನಲ್ಲಿ ನಿಂತುಕೊಂಡು ಕೂಲಿಗೆ ಹೋಗುತ್ತಾರೆಂದು ಕೇಳಿದೆ. ಕೇಳಿ, ಅನುಭವಿಸಲಿ ಎಂದೆ. ಎರಡು ವರ್ಷದ ನಂತರದ ಆಗಸ್ಟಿನಲ್ಲಿ ಹಳ್ಳ ಉಕ್ಕಿ ದಂಡೆಯ ಸಮೇತ ಆ ಮರವನ್ನೇ ಕೊಂಡೊಯ್ಯಿತು. ಅಲ್ಲಿಂದ ನಮ್ಮ ಅಂಗಡಿಯಲ್ಲಿ ಸಿಗುವುದು ಎಲ್ಲರ ಅಂಗಡಿಯಲ್ಲೂ ಸಿಗುವ ಉಪ್ಪಿನಕಾಯಿ.

ಈಗ ವೃಕ್ಷವನದ ಮಾತು. ಮಿಡಿಮಾವಿನ ವಿಭಾಗದಲ್ಲಿ ಹದಿನೈದಿಪ್ಪತ್ತು ಮರ ಇದ್ದವು, ಕಸಿ ಮರಗಳಾದ್ದರಿಂದ ಕೈಗೆ ಎಟುಕುವಷ್ಟೇ ಎತ್ತರ. ಕೆಲವು ಗೊಂಚಲು ಗೊಂಚಲಾಗಿ ಮಿಡಿ ಬಿಟ್ಟಿದ್ದವು. ಬಿದ್ದವು ನೆಲದಲ್ಲೇ ಬಾಡುತ್ತಿದ್ದವು, ಕೆಲವನ್ನು ಮಂಗ ಅರ್ಧ ಕಚ್ಚಿ ಎಸೆದಿತ್ತು. ನನಗೆ ಹೊಟ್ಟೆ ಉರಿಯಿತು. ಕಾಯಿ ಕೀಳಬಾರದು ಎಂಬ ಬೋರ್ಡಿನ ಪಕ್ಕದಲ್ಲೇ ಒಂದು ಮಿಡಿ ಕಿತ್ತು ಅಭ್ಯಾಸದಂತೆ ತೊಟ್ಟು ಮುರಿದೆ.

ಸೊನೆ ಚಿಮ್ಮಿ ಹೆಬ್ಬೆರಳಿಗೆ ಬಿತ್ತು. ಜೀರಿಗೆ. ಅದರ ಹಿಂದೆ ಕರ್ಪೂರ.

ಅಬ್ಬ ಎದುರು ಬಂದು ನಿಂತ ಹಾಗಾಯಿತು. ಒಂದು ಗಳಿಗೆ ನನಗೆ ಸಂತೋಷ ಬಿಟ್ಟು ಬೇರೇನೂ ಇರಲಿಲ್ಲ. ಮರ ಸತ್ತಿಲ್ಲ, ಎಲ್ಲೋ ಒಂದು ಕಡೆ ಬದುಕಿಕೊಂಡಿದೆ. “ರೀ, ನಮ್ ಮರ ಕಣ್ರೀ, ಮೂಸಿ ನೋಡಿ,” ಎಂದು ತಿರುಗಿದೆ. ಆಸಿಫ್ ಹತ್ತಿರ ಬರದೆ ಕಲ್ಲುದಾರಿಯ ಮೇಲೇ ನಿಂತಿದ್ದರು. ಅವರು ನೋಡುತ್ತಿದ್ದದ್ದು ಮರವನ್ನಲ್ಲ, ಬುಡದ ಫಲಕವನ್ನು. ನಾನೂ ಬಗ್ಗಿ ನೋಡಿದೆ.

‘ಜೀರಿಗೆ ಮಿಡಿ. ಮೂಲ: ಭಂಡಿಗಡಿ. ಕಸಿಕಡ್ಡಿ ನೀಡಿದವರು: ಆಸಿಫ್, ಉಪ್ಪಿನಕಾಯಿ ವ್ಯಾಪಾರಿ, ಕೊಪ್ಪ. 2015.’

ಎರಡು ಸಲ ಓದಿದೆ. ಬೆಳಿಗ್ಗೆಯಿಂದ ಎಲ್ಲ ಫಲಕವನ್ನೂ ಗಟ್ಟಿಯಾಗಿ ಓದಿದವಳು ಅದನ್ನು ಗಟ್ಟಿಯಾಗಿ ಓದಲಿಲ್ಲ. ಅಬ್ಬ ತೀರಿಕೊಂಡ ಮರುವರ್ಷ. ನಾನು ಮೊದಲ ಸಲ ಅರ್ಧ ಮಿಡಿ ಕಚ್ಚಿದ ವರ್ಷ.

“ಇದೆಂತ?” ಎಂದೆ.

“ಈ ವನದ ಆಫೀಸರ್ರು ಒಬ್ರು ಅಂಗಡಿಗೆ ಬಂದಿದ್ರು,” ಎಂದರು ಆಸಿಫ್. ದನಿ ಎಂದಿನಂತೆ ತಣ್ಣಗಿತ್ತು. “ನೀನು ಅವತ್ತು ಊರಲ್ಲಿರ್ಲಿಲ್ಲ. ಉಪ್ಪಿನಕಾಯಿ ರುಚಿ ನೋಡಿ ಮರ ಯಾವುದು ಅಂದ್ರು. ಇರೋದು ಒಂದೇ ಮರ, ಅದೂ ಹಳ್ಳದ ಬಾಯಲ್ಲಿದೆ, ಹೋದ್ರೆ ಹೋಯ್ತು ಅಂದ್ರು. ಸರಿ ಅನ್ನಿಸ್ತು ನಂಗೆ. ನಿನ್ನ ಕೇಳಿದ್ರೆ ಬೇಡ ಅಂತಿದ್ದೆ.”

“ಅಂತಿದ್ದೆ.”

“ನೋಡು, ಆಮೇಲೆ ಹಳ್ಳ ತಗೊಂಡೇ ಹೋಯ್ತಲ್ಲ. ನಾನು ಕೊಡ್ದೆ ಇದ್ದಿದ್ರೆ ಇವತ್ತು ಇದೂ ಇರ್ತಿರ್ಲಿಲ್ಲ.”

ಅದು ನಿಜ. ನಿಜವಾದದ್ದಕ್ಕೇ ನನಗೆ ಮೈಯೆಲ್ಲ ಉರಿಯಿತು.

“ಕಡ್ಡಿ ವಿಷಯ ಬಿಡಿ,” ಎಂದೆ. “ಗಿಡ್ಡಣ್ಣನ್ನ ನಾನು ಮೆಟ್ಲಿಂದ ಇಳಿಸಿದ ದಿನ ನೀವೆಲ್ಲಿದ್ರಿ?”

“ಒಳಗಿದ್ದೆ.”

“ಎಂತ ಮಾಡ್ತಿದ್ರಿ?”

“ಬಾಟ್ಲಿಗೆ ಮುಚ್ಚಳ ಹಾಕ್ತಿದ್ದೆ.”

“ನಾನು ಹೇಳಿದ್ದು ಕೇಳ್ತಿತ್ತಾ?”

“ಕೇಳ್ತಿತ್ತು. ನೀನು ಆ ಸಿಟ್ಟಲ್ಲಿದ್ದೆ ಸಬೀಹಾ. ನಿನ್ನ ಸಿಟ್ಟು ನಿಂಗೇ ಗೊತ್ತಲ್ಲ. ನಾಳೆ ಹೇಳಿದ್ರಾಯ್ತು ಅಂದ್ಕೊಂಡೆ. ಆಮೇಲೆ ಹೇಳೋದು ಇನ್ನೂ ಕಷ್ಟ ಆಯ್ತು. ನಿಲ್ಸು ಅಂದಿದ್ದು ಇವತ್ತೂ ನೀನೇ, ನಾನು ಬೇಡ ಅಂದೆ.”

ಈ ತಪ್ಪಿನಲ್ಲಿ ನನ್ನದೂ ಒಂದು ಪಾಲು ಇತ್ತು, ಇಲ್ಲ ಎನ್ನುವುದಿಲ್ಲ. ನನ್ನ ಸಿಟ್ಟಿಗೆ ಹೆದರಿ ಅವರು ಬಾಯಿ ಮುಚ್ಚಿಕೊಂಡಿರಬಹುದು. ಆದರೆ ಎಂಟು ವರ್ಷ ನಾನು ಗಿಡ್ಡಯ್ಯನ ಹೆಸರು ಬಂದಾಗಲೆಲ್ಲ ಬೈದಿದ್ದೇನೆ, ಮತ್ತು ಇವರು ಎದುರಿಗೆ ಕೂತು ಅನ್ನಕ್ಕೆ ಸಾರು ಕಲಸಿಕೊಂಡಿದ್ದಾರೆ. ಒಂದು ಸಲವೂ ‘ಬಿಡು, ಪಾಪ’ ಎಂದವರಲ್ಲ. ಇವರು ಒಳ್ಳೆಯವರು ಎಂದು ನಾನು ನಂಬಿದ್ದು ಇವರ ಈ ತಣ್ಣನೆಯ ಸ್ವಭಾವವನ್ನು ನೋಡಿ. ಇಂಥ ಗಂಡನನ್ನು ಕೊಟ್ಟೆಯಲ್ಲ ಅಬ್ಬ ಎಂದು ಎಷ್ಟು ಸಲ ಮನಸ್ಸಿನಲ್ಲೇ ಹೇಳಿಕೊಂಡಿದ್ದೆ. ನನಗೆ ಅಳು ಬರಲಿಲ್ಲ. ಮೋಸ ಹೋದವರಿಗೆ ಮೊದಲು ಬರುವುದು ನಾಚಿಕೆ ಎಂದು ಅವತ್ತು ಗೊತ್ತಾಯಿತು.

ಇನ್ನೂ ಮೂರು ಮಿಡಿಯನ್ನು ತೊಟ್ಟಿನ ಸಮೇತ ಕಿತ್ತು ಸೆರಗಿಗೆ ಹಾಕಿಕೊಂಡೆ. ರಂಜದ ಹೂ ಅಲ್ಲೇ ಉದುರಿಸಿದೆ.

ಗೇಟಿನಲ್ಲಿ ರಂಗಪ್ಪ ನನ್ನ ಸೆರಗನ್ನು ನೋಡಿಯೂ ನೋಡದವರಂತೆ ಇದ್ದರು. ನಾನು ಗಡಿಯಾರ ತೋರಿಸಿ ಕೇಳಿದೆ.

“ಅದಾ ಅಮ್ಮ, ಓಪನಿಂಗ್ ದಿನ ಕೊಟ್ಟಿದ್ದು. ಗಿಡ, ಕಡ್ಡಿ ಕೊಟ್ಟೋರಿಗೆಲ್ಲ ಒಂದೊಂದು ಗಡಿಯಾರ, ಒಂದೊಂದು ಶಾಲು. ಒಂದು ಉಳೀತು, ಇಲ್ಲಿ ಹಾಕಿದ್ವಿ.”

“ಇಲ್ಲಿಂದ ಮಿಡಿ ಸಸಿ ಹೊರಗೆ ಮಾರಿದ್ರಾ?”

“ಹೆಚ್ಚಾಗಿದ್ದು ಮಾರಿದ್ರು. ಎರಡನೇ ವರ್ಷವೇ. ಜನ ಕ್ಯೂ ನಿಂತು ತಗೊಂಡ್ ಹೋದ್ರು.”

ಹಾಗಾದರೆ ಸೋಮಶೇಖರಪ್ಪನವರ ಕೈಯ ಸಸಿ ಹೋದದ್ದು ಈ ಗೇಟಿನಿಂದಲೇ. ಒಂಬತ್ತು ವರ್ಷ ನಾನು ಅಂಗಡಿಯ ಬಾಗಿಲು ತೆರೆಯಲು, ಹಾಕಲು ನೋಡಿದ್ದು ಆ ಗಡಿಯಾರವನ್ನೇ. ಗಿಡ್ಡಯ್ಯನನ್ನು ಓಡಿಸಿ ಒಳಗೆ ಬಂದಾಗಲೂ ಅದನ್ನೇ ನೋಡಿ ಹತ್ತೂಕಾಲು ಎಂದುಕೊಂಡ ನೆನಪಿದೆ. ಶಾಲು ಎಲ್ಲಿ ಎಂದು ನಾನು ಕೇಳಲಿಲ್ಲ.

ಕಾರು ಹತ್ತಿ, “ಭಂಡಿಗಡಿಗೆ ತಿರುಗ್ಸಿ,” ಎಂದೆ.

“ಮೆಹ್ನಾಜ್ ನಿಶ್ಚಯ ಇದೆ. ಎಲ್ಲ ಕಾಯ್ತಿರ್ತಾರೆ.”

“ಕಾಯ್ಲಿ. ಅಲ್ಲೂ ಒಬ್ರು ಎಂಟು ವರ್ಷದಿಂದ ಕಾಯ್ತಿದಾರೆ.”

ದಾರಿಯುದ್ದಕ್ಕೂ ಗಿಡ್ಡಯ್ಯನ ಎದುರು ಏನು ಹೇಳಬೇಕೆಂದು ಮನಸ್ಸಿನಲ್ಲೇ ಕಟ್ಟುತ್ತಾ ಹೋದೆ. ಮೊದಲು ಮಿಡಿ ಕೈಗೆ ಕೊಡುವುದು. ತೊಟ್ಟು ಮುರಿದು ಮೂಸಿದರೆ ಸಾಕು, ಮುಂದಿನದು ಅವರಿಗೇ ಅರ್ಥವಾಗುತ್ತದೆ. ಆ ಮೂಗಿನ ಎದುರು ಬೇರೆ ವಿವರಣೆ ಬೇಡ. ಕಣ್ಣು ಕಟ್ಟಿ ಹತ್ತು ಮರದ ಮಿಡಿ ಕೊಟ್ಟರೂ ಯಾವುದು ಯಾವ ಹಳ್ಳದ್ದು ಎಂದು ಹೇಳುತ್ತಿದ್ದವರು ಅವರು. ಸಾಕ್ಷಿ ಕೇಳಿದವಳು ನಾನು, ಸಾಕ್ಷಿ ತಂದವಳೂ ನಾನೇ ಆಗಲಿ ಎಂದುಕೊಂಡೆ.

ಕಾರು ರಸ್ತೆಯಲ್ಲೇ ನಿಂತಿತು. ಆಸಿಫ್ ಇಳಿಯಲಿಲ್ಲ. ಕಾಲುದಾರಿಯಲ್ಲಿ ನಾನೊಬ್ಬಳೇ ಹೋದೆ. ಗಿಡ್ಡಯ್ಯ ಜಗಲಿಯಲ್ಲಿ ಕೂತು ತೆಂಗಿನ ಗರಿಯಿಂದ ಪೊರಕೆಗೆ ಕಡ್ಡಿ ಸೀಳುತ್ತಿದ್ದರು. ತುಂಬ ಸೊರಗಿದ್ದರು. ಅವರ ಹೆಂಡತಿ ಭೈರಮ್ಮ ನನ್ನನ್ನು ನೋಡಿದವರೇ ಮುಖ ಬಿಗಿದುಕೊಂಡು ಒಳಗೆ ಹೋದರು. ಅವರು ಮಾಡಿದ್ದು ಸರಿ.

“ಯಾರು, ಸಬೀಹಮ್ಮನಾ?” ಎಂದರು ಗಿಡ್ಡಯ್ಯ. “ಬನ್ನಿ. ಕೂತ್ಕಳಿ.”

ಕಟ್ಟಿಕೊಂಡು ಬಂದ ಮಾತೆಲ್ಲ ಎಲ್ಲಿ ಹೋಯಿತೋ. ಸೆರಗು ಬಿಚ್ಚಿ ಒಂದು ಮಿಡಿ ಅವರ ಕೈಯಲ್ಲಿಟ್ಟೆ. “ತೊಟ್ಟು ಮುರೀರಿ ಗಿಡ್ಡಣ್ಣ. ಮೂಸಿ ನೋಡಿ.”

ಅವರು ಮಿಡಿಯನ್ನು ಬೆರಳಲ್ಲಿ ಉರುಳಿಸಿದರು. ಹಗುರಾಗಿ ಹಿಡಿದು ತೊಟ್ಟು ಮುರಿದರು. ಸೊನೆ ಚಿಮ್ಮಿತು. ನಾನಿದ್ದಲ್ಲಿಗೇ ಜೀರಿಗೆ ಬಂತು. ಅವರು ಮೂಗಿನ ಹತ್ತಿರ ಒಯ್ದು ಸುಮ್ಮನೆ ಹಿಡಿದುಕೊಂಡರು. ಮುಖದಲ್ಲಿ ಏನೂ ಬದಲಾಗಲಿಲ್ಲ.

“ಕೊರೋನಾ ಬಂದೋಯ್ತಲ್ಲ,” ಎಂದರು. “ಅದ್ರ ಜೊತೆ ಮೂಗೂ ಹೋಯ್ತು ಸಬೀಹಮ್ಮ. ಎಂತ ವಾಸ್ನೆಯೂ ಗೊತ್ತಾಗಲ್ಲ. ಅನ್ನ ಸೀದ್ರೂ ಇವ್ಳೇ ಹೇಳ್ಬೇಕು.”

ಜಗಲಿಯ ಅಂಚಿನಲ್ಲಿ ಕೂತೆ. ಇನ್ನು ನನ್ನ ಹತ್ತಿರ ಇದ್ದದ್ದು ಬರೀ ಮಾತು.

“ನಮ್ ಹಳ್ಳದ ಮರದ್ದು,” ಎಂದೆ. “ಮರ ಇನ್ನೂ ಇದೆ ಗಿಡ್ಡಣ್ಣ. ಕಸಿ ಕಟ್ಟಿದ್ದು, ವೃಕ್ಷವನದಲ್ಲಿ. ಕಡ್ಡಿ ಕೊಟ್ಟಿದ್ದು ನೀವಲ್ಲ. ನಮ್ಮವ್ರು.”

ಅವರು ಮಿಡಿಯನ್ನೇ ನೋಡುತ್ತಾ ಇದ್ದರು. ಬೈಯುತ್ತಾರೆ ಎಂದುಕೊಂಡೆ, ಬೈದಿದ್ದರೆ ಒಳ್ಳೆಯದಿತ್ತು. ಇಲ್ಲ, ಈಗ ಇವರೂ ಕೇಳುತ್ತಾರೆ, ಇದು ಅದೇ ಮರ ಎಂದು ಹೇಗೆ ನಂಬಲಿ, ಸಾಕ್ಷಿ ಎಲ್ಲಿ ಎಂದು. ಕೇಳುವ ಹಕ್ಕು ಅವರಿಗಿತ್ತು. ಫೋನಿನಲ್ಲಿ ಆ ಫಲಕದ ಫೋಟೋ ಆದರೂ ತೆಗೆಯಬೇಕಿತ್ತು ಎಂದು ಆಗ ಹೊಳೆಯಿತು.

“ಅದೇ ಮರವಾ?” ಎಂದು ಕೇಳಿದರು.

“ಅದೇ.”

“ನೀವು ಹೇಳ್ತಿದೀರಲ್ಲ. ಹಂಗಾರೆ ಅದೇ,” ಎಂದರು. ಮುರಿದ ತೊಟ್ಟನ್ನು ಮಿಡಿಯ ಪಕ್ಕದಲ್ಲೇ ಜಗಲಿಯ ಮೇಲೆ ಇಟ್ಟರು. ಆಮೇಲೆ ಒಳಗಡೆ ತಿರುಗಿ, “ಇವ್ಳೇ, ಕಾಫಿ ಇಡು,” ಎಂದು ಕೂಗಿ, ರಸ್ತೆಯ ಕಡೆ ಕಣ್ಣು ಕಿರಿದು ಮಾಡಿ ನೋಡಿದರು. “ಕಾರಲ್ಲಿ ಯಾರೋ ಕೂತಿದಾರಲ್ಲ, ಬಿಸ್ಲಲ್ಲಿ. ಅವರ್ನೂ ಕರೀರಿ.”

ನಾನು ಕರೆಯಲಿಲ್ಲ. ಅವರ ಪಕ್ಕದಲ್ಲಿ ಕೂತೇ ಇದ್ದೆ. ಅವರು ಮತ್ತೆ ಗರಿ ತೆಗೆದುಕೊಂಡು ಕಡ್ಡಿ ಸೀಳತೊಡಗಿದರು.